ಓಟಿಲಿ ಬ್ರಾಂಡಿಸ್‌ಳ ಮಗಳು

ಗೋಟಿಂಗೆನ್
೬ ಅಕ್ಟೋಬರ್ ೧೯೯೭

ಪ್ರಿಯ ನಾತೆಲಾ,

ನೀನು ಷ್ಟೈನ್‌ರೋಡೆಗೆ ಹೋಗಿ ಒಂದು ವಾರವಾಯಿತು. ತಲುಪಿದೆ ಎಂದು ಒಂದು ಕಾರ್ಡೂ ಇಲ್ಲ. ಮೂರು ತಿಂಗಳು ನನ್ನ ಜರ್ಮನ್ ತರಗತಿಯ ಮೊದಲ ಬೆಂಚಿನಲ್ಲಿ ಕೂತು, ನಾನು ಹೇಳಿದ್ದಕ್ಕೆಲ್ಲ "ಹೌದು ಟೀಚರ್, ಹೌದು ಟೀಚರ್" ಎಂದು ತಲೆ ಅಲ್ಲಾಡಿಸಿದವಳು ನೀನು. ಅದರಲ್ಲಿ ಅರ್ಧ ನಿನಗೆ ಅರ್ಥವೇ ಆಗಿರಲಿಲ್ಲ. ಮೂವತ್ತೆಂಟು ವರ್ಷ ಪಾಠ ಮಾಡಿದವಳಿಗೆ ತಲೆ ಅಲ್ಲಾಡುವ ರೀತಿ ನೋಡಿದರೇ ತಿಳಿಯುತ್ತದೆ.

ನಾನು ನಿವೃತ್ತಳಾಗಿರಬಹುದು, ನಿನ್ನನ್ನು ಬಿಟ್ಟಿಲ್ಲ. ಆದ್ದರಿಂದ ಕೇಳು. ನನಗೆ ಜರ್ಮನ್‌ನಲ್ಲಿ ಪತ್ರ ಬರೆಯುತ್ತಿರಬೇಕು, ನಿಘಂಟು ಮುಚ್ಚಿಟ್ಟು. ನಾನು ಹಸಿರು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತೇನೆ. ದಿನಾ ಅರ್ಧ ಗಂಟೆ ಯಾರ ಜೊತೆಯಾದರೂ ಬಾಯಿಬಿಟ್ಟು ಮಾತಾಡಬೇಕು. ನೀನು ಕೆಲಸ ಮಾಡುವ ಆ ವೃದ್ಧಾಶ್ರಮದಲ್ಲಿ ಮಾತಿಗಾಗಿ ಹಸಿದವರು ಸಾಲುಗಟ್ಟಿ ಕೂತಿರುತ್ತಾರೆ, ಹೋಗಿ ಕೂರು. ಮತ್ತೆ, ಅರ್ಥವಾಗದ್ದಕ್ಕೆ ಹೌದು ಅನ್ನಬೇಡ.

ಮೇ ತಿಂಗಳಲ್ಲಿ ಜರ್ಮನ್ ಭಾಷೆಯ ಪರೀಕ್ಷೆ. ಪಾಸಾದರೆ ನೀನು ಬರೀ ಸಹಾಯಕಿಯಲ್ಲ, ನರ್ಸ್. ಆಗ ನಿನ್ನ ಮಗಳು ತೆಕ್ಲೆ ಇಲ್ಲಿಗೆ ಬರಬಹುದು. ಆರು ವರ್ಷದ ಮಗು ನಿಮ್ಮೂರು ಕುತಾಯಿಸಿಯಲ್ಲಿ ಅಜ್ಜಿಯ ಸೆರಗು ಹಿಡಿದು ದಿನ ಎಣಿಸುತ್ತಿದೆ ಎಂದು ನೀನೇ ಹೇಳಿದೆ. ನಮ್ಮ ವ್ಯಾಕರಣ ಒಂದು ತಾಯಿಗೂ ಮಗುವಿಗೂ ನಡುವೆ ನಿಲ್ಲುವಷ್ಟು ದೊಡ್ಡದಲ್ಲ.

ನಿನ್ನ,
ಇರ್ಮ್‌ಟ್ರೌಟ್ ಕೆಸೆಲ್‌ಹೂಟ್


ಷ್ಟೈನ್‌ರೋಡೆ
೧೯ ಅಕ್ಟೋಬರ್ ೧೯೯೭

ಪ್ರೀತಿಯ ಟೀಚರ್,

ನಾನು ಬರೆಯುತ್ತೇನೆ. ನಿಘಂಟು ಮುಚ್ಚಿದೆ. ತಪ್ಪು ತುಂಬ ಇರುತ್ತಾರೆ, ಕ್ಷಮಿಸಿ.

ನನ್ನ ಕೋಣೆ ಚೆನ್ನಾಗಿದೆ. ಮಾಡಿನ ಕೆಳಗೆ. ಮನೆ ನಾನೂರು ವರ್ಷ. ನೆಲ ವಾರೆ. ಮೇಜಿನ ಹತ್ತಿರ ಸೇಬು ಬಿದ್ದರೆ ಸೇಬು ತಾನೇ ಬಾಗಿಲಿಗೆ ಹೋಗುತ್ತಾಳೆ. ಪ್ರವಾಸಿಗಳು ಬಂದು ಮನೆಯ ಫೋಟೋ ತೆಗೆಯುತ್ತಾರೆ. ನಾನು ಕಿಟಕಿಯಲ್ಲಿ ನಿಂತರೆ ನನ್ನ ಫೋಟೋ ಕೂಡ. ಮನೆ ಒಡತಿ ಫ್ರಾವ್ ಡೆಟ್‌ಮರ್ ಒಳ್ಳೆಯವರು. ಬೇಗ ಮಾತಾಡುತ್ತಾರೆ, ಮೂಗಿನಿಂದ.

ಅರ್ಧ ಗಂಟೆ ಮಾತು ಕಷ್ಟ. ಆಶ್ರಮದಲ್ಲಿ ಮುದುಕರಿಗೆ ಹಲ್ಲು ಇಲ್ಲ, ನನಗೆ ಮಾತು ಇಲ್ಲ. ನಾವು ಕೈ ಹಿಡಿದು ಕೂರುತ್ತೇವೆ. ಉಳಿದವರಿಗೆ ಕೆಲಸ. ನಾನು ಒಂದು ವಾಕ್ಯ ಮುಗಿಸುವ ಮೊದಲು ಅವರು ಹೋಗಿಬಿಟ್ಟಿರುತ್ತಾರೆ.

ಭಾನುವಾರ ಫೋನ್ ಮಾಡಿದೆ. ತೆಕ್ಲೆ ಹೇಳಿದಳು, "ದೇದಾ, ನನ್ನ ಹಲ್ಲು ಬಿತ್ತು." ದೇದಾ ಅಂದರೆ ನಮ್ಮಲ್ಲಿ ಅಮ್ಮ. ಹಲ್ಲು ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದಾಳೆ, ನನಗೆ ತೋರಿಸಲು. ನಾನು ಬೂತ್‌ನಲ್ಲಿ ಅತ್ತೆ. ಹೊರಗೆ ಒಬ್ಬರು ಕಾಯುತ್ತಿದ್ದರು, ಗಾಜು ತಟ್ಟಿದರು.

ನಿಮ್ಮ,
ನಾತೆಲಾ


ಷ್ಟೈನ್‌ರೋಡೆ
೧೬ ನವೆಂಬರ್ ೧೯೯೭

ಪ್ರೀತಿಯ ಟೀಚರ್,

ನನಗೆ ಮಾತಾಡಲು ಒಬ್ಬರು ಸಿಕ್ಕಿದರು. ನೀವು ನಗಬೇಡಿ. ಅವರು ಸತ್ತಿದ್ದಾರೆ.

ಆಶ್ರಮಕ್ಕೆ ಹತ್ತಿರದ ದಾರಿ ಸ್ಮಶಾನದ ಒಳಗಿಂದ. ಕಲ್ಲಿನ ಮೇಲೆ ಓದುವುದು ಸುಲಭ. ಅಕ್ಷರ ದೊಡ್ಡದು, ಯಾರೂ ಅವಸರ ಮಾಡುವುದಿಲ್ಲ. ಒಂದು ಸಮಾಧಿ ಗೋಡೆಯ ಹತ್ತಿರ ಇದೆ. ಹೂವು ಇಲ್ಲ, ಹುಲ್ಲು ತುಂಬ. ಹೆಸರು ಓಟಿಲಿ ಬ್ರಾಂಡಿಸ್, ೧೯೦೬ರಿಂದ ೧೯೬೭. ಅದರ ಮೇಲೆ ಒಂದು ಹಳದಿ ಚೀಟಿ ಅಂಟಿಸಿದ್ದಾರೆ. ನಾನು ನಿಘಂಟು ತೆಗೆದೆ, ಸಾರಿ, ಒಂದು ಸಲ. "ಅವಧಿ ಮುಗಿದಿದೆ. ಸಂಬಂಧಿಗಳು ಕಚೇರಿಗೆ ಬರಬೇಕು." ಎಲ್ಲ ಶಬ್ದ ಅರ್ಥ ಆಯಿತು. ಆದರೆ ಅರ್ಥ ಆಗಲಿಲ್ಲ. ಸತ್ತವರಿಗೆ ಯಾವ ಅವಧಿ?

ನಮ್ಮ ಊರಿನಲ್ಲಿ ಸಮಾಧಿಗೆ ಬೇಲಿ, ಬೆಂಚು, ಮೇಜು ಎಲ್ಲ ಇದೆ. ಈಸ್ಟರ್ ಹಬ್ಬಕ್ಕೆ ಕೆಂಪು ಮೊಟ್ಟೆ ತೆಗೆದುಕೊಂಡು ಹೋಗಿ ಮಣ್ಣಿನ ಮೇಲೆ ಉರುಳಿಸುತ್ತೇವೆ, ದ್ರಾಕ್ಷಾರಸ ಸುರಿಯುತ್ತೇವೆ. ಊರಿನ ಸುದ್ದಿ ಹೇಳುತ್ತೇವೆ. ಇಲ್ಲಿ ಯಾರೂ ಸುದ್ದಿ ಹೇಳುವುದಿಲ್ಲ. ಹಾಗಾಗಿ ನಾನು ಹೇಳುತ್ತೇನೆ. ದಿನಾ ಮಧ್ಯಾಹ್ನ, ಬ್ರೆಡ್ ತಿನ್ನುವಾಗ, ಅರ್ಧ ಗಂಟೆ, ಜರ್ಮನ್‌ನಲ್ಲಿ. ಫ್ರಾವ್ ಬ್ರಾಂಡಿಸ್ ಪೂರ್ತಿ ಕೇಳುತ್ತಾರೆ.

ನಿಮ್ಮ,
ನಾತೆಲಾ


ಗೋಟಿಂಗೆನ್
೨೧ ನವೆಂಬರ್ ೧೯೯೭

ಪ್ರಿಯ ನಾತೆಲಾ,

ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನ ಇಡೀ ವೃತ್ತಿಯಲ್ಲಿ ಇಷ್ಟು ತಾಳ್ಮೆಯ ಸಹಪಾಠಿ ಯಾರಿಗೂ ಸಿಕ್ಕಿರಲಿಲ್ಲ. ಮಾತಾಡು, ಧಾರಾಳವಾಗಿ ಮಾತಾಡು.

ಆದರೆ ಆ ಚೀಟಿಯ ವಿಷಯಕ್ಕೆ ಹೋಗಬೇಡ. ನಮ್ಮಲ್ಲಿ ಸಮಾಧಿ ಶಾಶ್ವತವಲ್ಲ. ಮೂವತ್ತು ವರ್ಷ, ಕೆಲವು ಕಡೆ ಇಪ್ಪತ್ತೈದು. ಆಮೇಲೆ ಮನೆಯವರು ಯಾರಾದರೂ ಬಂದು ರುಜು ಹಾಕಿದರೆ ಅವಧಿ ಮುಂದಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕಲ್ಲು ಕಿತ್ತು ನೆಲ ಸಮ ಮಾಡಿ ಇನ್ನೊಬ್ಬರಿಗೆ ಕೊಡುತ್ತಾರೆ. ಜಾಗ ಕಡಿಮೆ, ಸಾಯುವವರು ಜಾಸ್ತಿ. ನಮಗೆ ಇದು ಸಹಜ.

ಸಹಜ ಎಂದು ಬರೆದೆನಲ್ಲ, ಪೂರ್ತಿ ನಿಜವಲ್ಲ. ಮೂರು ವರ್ಷದ ಹಿಂದೆ ನನ್ನ ತಾಯಿಯ ಸಮಾಧಿಯ ಬಗ್ಗೆ ಅಂಥದೇ ಕಾಗದ ಬಂತು. "ಮುಂದುವರಿಸುವುದಿಲ್ಲ" ಎಂಬ ಚೌಕದಲ್ಲಿ ಗುರುತು ಹಾಕಿ ಅವತ್ತೇ ಅಂಚೆಗೆ ಹಾಕಿ, ಬರುವಾಗ ಸಂತೆಯಲ್ಲಿ ಪ್ಲಮ್ ಹಣ್ಣು ತಂದೆ. ಅವಳು ನನ್ನನ್ನು ಯಾವತ್ತೂ ಹತ್ತಿರ ಕೂರಿಸಿಕೊಂಡವಳಲ್ಲ, ನಾನೂ ಕೂರಲು ಹೋದವಳಲ್ಲ. ಆದರೂ ನಾಚಿಕೆಯಾಗುತ್ತದೆ. ಇದನ್ನು ನಿನಗೆ ಏಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಇದು ನಿನಗೆ ಓದುವ ಅಭ್ಯಾಸ ಎಂದುಕೊ.

ಅಂತೂ ಕಚೇರಿಗೆ ಹೋಗಬೇಡ. ಆ ಹೆಂಗಸಿಗೂ ನಿನಗೂ ಏನೂ ಸಂಬಂಧವಿಲ್ಲ.

ನಿನ್ನ,
ಇರ್ಮ್‌ಟ್ರೌಟ್ ಕೆಸೆಲ್‌ಹೂಟ್


ಷ್ಟೈನ್‌ರೋಡೆ
೭ ಡಿಸೆಂಬರ್ ೧೯೯೭

ಪ್ರೀತಿಯ ಟೀಚರ್,

ನಿಮ್ಮ ಪತ್ರ ಬರುವ ಮೊದಲೇ ನಾನು ಹೋಗಿದ್ದೆ. ಬೈಯಬೇಡಿ.

ನಾನು ಹೋದದ್ದು ಹೇಳಲು: ಯಾರೂ ಬರುವುದಿಲ್ಲ, ನಾನು ಹುಲ್ಲು ಕೀಳುತ್ತೇನೆ, ನೀರು ಹಾಕುತ್ತೇನೆ, ಕಲ್ಲು ತೆಗೆಯಬೇಡಿ. ನಾಲ್ಕು ವಾಕ್ಯ ಬಾಯಿಪಾಠ ಮಾಡಿದ್ದೆ. ಕಚೇರಿಯಲ್ಲಿ ಹೆರ್ ಪಾಪೆ ಅಂತ ಒಬ್ಬರು. ಊಟದ ಹೊತ್ತು. ಬೀಗದ ಕೈ ಆಗಲೇ ಕೈಯಲ್ಲಿತ್ತು.

"ಏನಮ್ಮಾ, ಬೇಗ ಹೇಳಿ."

ನಾನು ಮೊದಲ ವಾಕ್ಯ ಹೇಳಿದೆ. ಅವರು ಕಡತ ತೆಗೆದು ಏನೋ ಉದ್ದ ಕೇಳಿದರು. ನಾನು ಹೌದು ಅಂದೆ. ಮತ್ತೆ ಕೇಳಿದರು. ಹೌದು ಅಂದೆ. ಮೂರನೆಯ ಸಲ ಪೆನ್ನು ಹಿಡಿದು, ತಲೆ ಎತ್ತದೆ, ಸ್ವಲ್ಪ ಜೋರಾಗಿ ಕೇಳಿದರು. ನಾನು ಇನ್ನೂ ಜೋರಾಗಿ ಹೌದು ಅಂದೆ.

"ಅಷ್ಟೇ ತಾನೆ? ಅದಕ್ಕ್ಯಾಕೆ ಇಷ್ಟೊತ್ತು? ಇಲ್ಲಿ ರುಜು ಹಾಕಿ."

ಹಾಕಿದೆ. ಒಂದು ಪ್ರತಿ ಕೊಟ್ಟರು. ಮನೆಗೆ ಬಂದು ನಿಘಂಟು ಹಿಡಿದು ಓದಿದೆ. ಸಮಾಧಿ ಐದು ವರ್ಷ ಮುಂದುವರಿದಿದೆ. ಹಕ್ಕುದಾರರು: ನನ್ನ ಹೆಸರು. ಸತ್ತವರಿಗೂ ಹಕ್ಕುದಾರರಿಗೂ ಸಂಬಂಧ: ಮಗಳು.

ಟೀಚರ್, ನೀವು ಹೇಳಿದ್ದಿರಿ, ಅರ್ಥವಾಗದ್ದಕ್ಕೆ ಹೌದು ಅನ್ನಬಾರದು. ನಾನು ಮೂರು ಸಲ ಅಂದೆ.

ಮಾರನೆಯ ದಿನ ಸಮಾಧಿಯ ಹತ್ತಿರ ಕೂತು ಈ ಸಂಗತಿಯನ್ನು ಹೇಳಿ ನಕ್ಕುಬಿಟ್ಟೆ. "ನೋಡಿದಿರಾ, ನಾನೀಗ ನಿಮ್ಮ ಮಗಳಂತೆ, ಇಷ್ಟು ವರ್ಷದ ಮೇಲೆ ಮನೆಗೆ ಬಂದಿದ್ದೇನೆ" ಎಂದೆ. ಹಾಗೆಂದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ಅಷ್ಟು ಉದ್ದದ ವಾಕ್ಯವನ್ನು ನಾನು ಯೋಚಿಸದೆ, ತಡವರಿಸದೆ, ಒಂದೇ ಉಸಿರಿನಲ್ಲಿ ಹೇಳಿದ್ದೆ.

ನಿಮ್ಮ,
ನಾತೆಲಾ


ಗೋಟಿಂಗೆನ್
೧೨ ಡಿಸೆಂಬರ್ ೧೯೯೭

ನಾತೆಲಾ,

ಬೈಯುತ್ತೇನೆ. ನಿನಗೂ, ಊಟಕ್ಕೆ ಓಡುವ ಆ ಪಾಪೆಗೂ. ಕಾಗದದ ಮೇಲೆ ಸುಳ್ಳು ಸಂಬಂಧ ಇದ್ದರೆ ನಾಳೆ ವಲಸೆ ಕಚೇರಿಯವರು ತೆಕ್ಲೆಯ ಅರ್ಜಿ ನೋಡುವಾಗ ಅದೇ ಮುಳ್ಳಾಗುತ್ತದೆ. ಸೋಮವಾರವೇ ಹೋಗಿ ತಿದ್ದಿಸು. "ನಾನು ಮಗಳಲ್ಲ." ಒಂದೇ ವಾಕ್ಯ, ಬಾಯಿಪಾಠ ಮಾಡು.

ಇನ್ನೊಂದು ಮಾತು. ನಿನ್ನ ಪತ್ರದ ಕೊನೆಯ ಭಾಗದಲ್ಲಿ ನನ್ನ ಹಸಿರು ಪೆನ್ನಿಗೆ ಕೆಲಸವೇ ಇರಲಿಲ್ಲ. ಅದನ್ನು ಯಾರು ಬರೆದುಕೊಟ್ಟರು?

ಇ. ಕೆ.


ಷ್ಟೈನ್‌ರೋಡೆ
೧೫ ಫೆಬ್ರವರಿ ೧೯೯೮

ಮಾನ್ಯ ಟೀಚರ್ ಅವರಿಗೆ,

ತಮಗೆ ಪತ್ರ ಬರೆಯದೆ ಎರಡು ತಿಂಗಳಾದುದಕ್ಕೆ ಕ್ಷಮೆ ಕೋರುತ್ತೇನೆ. ಯಾರೂ ಬರೆದುಕೊಟ್ಟದ್ದಲ್ಲ. ಭಾಷೆ ಬಂದುಬಿಟ್ಟಿದೆ, ಅಷ್ಟೇ. ಮಾತಾಡಲು ಬಾಯಿ ತೆರೆದರೆ ಶಬ್ದಗಳು ಒಂದರ ಹಿಂದೊಂದು ಶಿಸ್ತಾಗಿ ಬಂದು ನಿಲ್ಲುತ್ತವೆ. ಎಲ್ಲಿಯಾದರೂ ತಪ್ಪಿದರೆ ಕಿವಿಯ ಹಿಂದೆ ಯಾರೋ ಮೆಲ್ಲಗೆ ಸರಿ ಮಾಡುತ್ತಾರೆ. ಬೇಸರವಿಲ್ಲದೆ, ಮಮತೆಯಿಂದ. ಆಶ್ರಮದ ಮುದುಕಿಯರು ನನ್ನ ಮಾತು ಕೇಳಲೆಂದೇ ಕಾಯುತ್ತಾರೆ. "ನಮ್ಮ ಚಿಕ್ಕಂದಿನ ಮಾತು ಕಣೇ ಇದು, ಎಲ್ಲಿ ಕಲಿತೆ?" ಎಂದು ಒಬ್ಬರು ಕಣ್ಣೊರೆಸಿಕೊಂಡರು.

ಕಚೇರಿಗೆ ಹೋಗಲಾಗಲಿಲ್ಲ. ಹೋಗಬೇಕೆಂದು ಹೊರಟಾಗಲೆಲ್ಲ ಸ್ಮಶಾನದಲ್ಲಿ ಸ್ವಲ್ಪ ಕೂರೋಣವೆನಿಸುತ್ತದೆ, ಕೂತರೆ ಸಂಜೆಯಾಗುತ್ತದೆ.

ಒಂದು ಸಣ್ಣ ಸಂಗತಿ. ನಮ್ಮ ಕ್ರಿಸ್ಮಸ್ ಜನವರಿ ಏಳಕ್ಕೆ. ಈ ಸಲ ಆ ದಿನ ಬಂದು ಹೋದದ್ದೇ ನನಗೆ ತಿಳಿಯಲಿಲ್ಲ. ಭಾನುವಾರ ಫೋನಿನಲ್ಲಿ ನನ್ನ ತಾಯಿ ಅಡುಗೆಯ ವಿಷಯ ಹೇಳುತ್ತಿದ್ದಳು. ಅಕ್ರೋಟಿಗೆ ನಮ್ಮ ಭಾಷೆಯಲ್ಲಿ ಏನನ್ನುತ್ತಾರೆಂದು ನನಗೆ ಹೊಳೆಯಲಿಲ್ಲ. ನಮ್ಮ ಹಿತ್ತಲಿನಲ್ಲೇ ಅಕ್ರೋಟಿನ ಮರವಿದೆ, ಟೀಚರ್. ಆಮೇಲೆ ತೆಕ್ಲೆಗೆ ಫೋನು ಕೊಟ್ಟರು. ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಅಜ್ಜಿ, ಇದರಲ್ಲಿ ದೇದಾ ಇಲ್ಲ, ಬೇರೆ ಯಾರೋ ಇದ್ದಾರೆ" ಎಂದು ಫೋನು ವಾಪಸು ಕೊಟ್ಟಳು. ತಂತಿ ಸರಿಯಿರಲಿಲ್ಲವೆಂದು ತೋರುತ್ತದೆ.

ತಮ್ಮ ವಿಧೇಯ,
ನಾತೆಲಾ


ಗೋಟಿಂಗೆನ್
೨೦ ಫೆಬ್ರವರಿ ೧೯೯೮

ಪ್ರಿಯ ನಾತೆಲಾ,

ತಂತಿ ಸರಿಯಾಗಿಯೇ ಇದ್ದಿರುತ್ತದೆ.

ನಿನ್ನ ಪತ್ರದಲ್ಲಿ ಒಂದೂ ತಪ್ಪಿಲ್ಲ. ನನಗೆ ಹೆಮ್ಮೆಯಾಗಬೇಕಿತ್ತು, ಹೆದರಿಕೆಯಾಯಿತು. ನೀನು ಬರೆದ ಅಕ್ಷರ ಯಾವುದೆಂದು ನಿನಗೆ ಗೊತ್ತೆ? ಆ ಮೊನೆಮೊನೆಯಾದ ಕೂಡಕ್ಷರವನ್ನು ನಮ್ಮ ಶಾಲೆಗಳಲ್ಲಿ ೧೯೪೧ರಲ್ಲೇ ನಿಲ್ಲಿಸಿದರು. ನಾನು ಒಂದನೆಯ ತರಗತಿಯಲ್ಲಿ ಕಲಿತದ್ದು, ಅದಕ್ಕೇ ಓದಲು ಬಂತು. ನನ್ನ ತರಗತಿಯಲ್ಲಿ ನಾನು ಅದನ್ನು ನಿನಗೆ ಕಲಿಸಿಲ್ಲ. ಇವತ್ತು ಅದನ್ನು ಕಲಿಸುವವರು ಯಾರೂ ಇಲ್ಲ.

ನಾನು ದೆವ್ವ ಭೂತ ನಂಬುವವಳಲ್ಲ. ಆದರೂ ನಾನು ಹೇಳಿದಂತೆ ಮಾಡು. ಸ್ಮಶಾನದ ದಾರಿ ಬಿಡು, ದೊಡ್ಡ ರಸ್ತೆಯಲ್ಲಿ ಹೋಗು. ಮುಂದಿನ ಪತ್ರದಲ್ಲಿ ನಿನ್ನ ಭಾಷೆಯಲ್ಲಿ, ನಿನ್ನ ಅಕ್ಷರದಲ್ಲಿ ಮೂರು ಸಾಲು ಬರೆದು ಕಳಿಸು. ತೆಕ್ಲೆಯನ್ನು ಮಲಗಿಸುವಾಗ ಏನು ಹೇಳುತ್ತಿದ್ದೆಯೋ ಅದನ್ನೇ ಬರೆ. ನನಗೆ ಅರ್ಥವಾಗುವುದು ಬೇಡ, ಅದು ನಿನ್ನಲ್ಲಿದೆ ಎಂದು ಗೊತ್ತಾದರೆ ಸಾಕು.

ನಿನ್ನ,
ಇರ್ಮ್‌ಟ್ರೌಟ್


ಷ್ಟೈನ್‌ರೋಡೆ
೧೭ ಮೇ ೧೯೯೮

ಪೂಜ್ಯ ಟೀಚರ್ ಅವರಿಗೆ ನಮಸ್ಕಾರಗಳು.

ನಾನು ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆದೆನು. ಪರೀಕ್ಷಕರು, "ಮಗೂ, ನೀನು ನಮ್ಮ ದೊಡ್ಡಮ್ಮನ ಹಾಗೆ ಮಾತಾಡ್ತೀಯಲ್ಲ" ಎಂದು ಹೇಳಿ ಎಲ್ಲರೂ ನಕ್ಕರು. ನಾನೂ ನಕ್ಕೆನು. ನನಗೆ ಒಂದು ಪ್ರಮಾಣಪತ್ರವನ್ನು ಕೊಟ್ಟಿದ್ದಾರೆ. ಅದರಲ್ಲಿ ಮುದ್ರೆ ಇದೆ.

ಸರ್ಕಾರದಿಂದ ಇನ್ನೊಂದು ಕಾಗದವೂ ಬಂದಿದೆ. ಜುಲೈ ಹನ್ನೊಂದನೆಯ ತಾರೀಖು ಶನಿವಾರ ವಿಮಾನದಲ್ಲಿ ಒಂದು ಹುಡುಗಿ ಹ್ಯಾನೋವರಿಗೆ ಬರುತ್ತಾಳಂತೆ. ಅವಳನ್ನು ಕರೆತರಲು ನಾನು ರೈಲಿನಲ್ಲಿ ಹೋಗಬೇಕಂತೆ. ಅವಳ ಹೆಸರನ್ನು ಕಾಗದ ನೋಡಿ ಓದಿದೆನು. ಓದಿದಾಗ ಎದೆಯಲ್ಲಿ ನೋವಾಯಿತು, ಏಕೆಂದು ತಿಳಿಯಲಿಲ್ಲ.

ತಾವು ಕೇಳಿದ ಮೂರು ಸಾಲುಗಳನ್ನು ಬರೆಯಲು ಅನೇಕ ದಿನ ಕೂತೆನು. ಆ ಅಕ್ಷರಗಳು ಗುಂಡಗೆ ಇದ್ದವು ಎಂಬುದು ನೆನಪಿದೆ. ಪೆನ್ನಿನಿಂದ ಅವು ಬರಲಿಲ್ಲ. ಬೇಡದ್ದನ್ನು ನೆನಪಿಟ್ಟುಕೊಂಡು ಏಕೆ ಅಳುತ್ತೀಯೆ ಎಂದು ಅಮ್ಮ ಕೇಳಿದಳು.

ಇಂತಿ ತಮ್ಮ ವಿದ್ಯಾರ್ಥಿನಿ


ಷ್ಟೈನ್‌ರೋಡೆ
೨ ಜೂನ್ ೧೯೯೮

ಫ್ರಾವ್ ಕೆಸೆಲ್‌ಹೂಟ್ ಅವರೇ,

ನಿಮ್ಮ ಕಾಗದ ಬಂತು. ನಾನು ಬರೆಯೋದ್ರಲ್ಲಿ ಜಾಣೆಯಲ್ಲ, ಮಾತಾಡೋ ಹಾಗೇ ಬರೀತೀನಿ. ನಾತೆಲಾ ಹೇಗಿದ್ದಾಳೆ ಅಂತ ಕೇಳಿದ್ರಿ. ಏನಂತ ಹೇಳ್ಲಿ? ಆರೋಗ್ಯವಾಗಿದ್ದಾಳೆ. ಕೆಲಸಕ್ಕೆ ಹೋಗ್ತಾಳೆ. ನನಗೆ ಮಾತ್ರ ಅವಳ ಜೊತೆ ಒಂದೇ ಮನೇಲಿರೋಕೆ ಭಯ.

ಎರಡು ಜಡೆ ಹಾಕ್ಕೋತಾಳೆ ಈಗ. ಊಟಕ್ಕೆ ಕೂತ್ರೆ ಎದುರಿಗೆ ಇನ್ನೊಂದು ತಟ್ಟೆ. ಮೆಟ್ಟಿಲಲ್ಲಿ ಸಿಕ್ರೆ ಮಂಡಿ ಬಗ್ಗಿಸಿ ನಮಸ್ಕಾರ ಮಾಡ್ತಾಳೆ, ನಾವು ಚಿಕ್ಕವರಿದ್ದಾಗ ಮಾಡ್ತಿದ್ವಲ್ಲ, ಹಾಗೆ. ಮೂವತ್ತೊಂದು ವರ್ಷದ ಹೆಂಗಸು. ಹೋದ ವಾರ ನನ್ನನ್ನ ನೋಡಿ, "ಹೆಲ್ಗಾ, ನಿನ್ನ ದಡಾರ ವಾಸಿಯಾಯ್ತಾ?" ಅಂದ್ಲು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಹೇಳ್ತೀನಿ ಕೇಳಿ. ಓಟಿಲಿ ಬ್ರಾಂಡಿಸ್ ಇದ್ದದ್ದು ನಮ್ಮ ಮನೇಲೇ, ಅದೇ ಮಾಡಿನ ಕೋಣೇಲಿ, ಬಾಡಿಗೆಗೆ. ನಾತೆಲಾಗೆ ನಾನು ಇದನ್ನ ಹೇಳೇ ಇಲ್ಲ, ದೇವರಾಣೆಗೂ. ಅವರಿಗೆ ಒಬ್ಬಳೇ ಮಗಳು, ಗೇರ್‌ಲಿಂಡ್. ನಾವಿಬ್ಬರೂ ಒಂದೇ ಬೆಂಚು. ನಲವತ್ತಮೂರರಲ್ಲಿ ಬಾಂಬಿನ ಭಯಕ್ಕೆ ನಮ್ಮ ಇಡೀ ತರಗತೀನ ಪೂರ್ವದ ಕಡೆ ಯಾವುದೋ ಹಳ್ಳಿಗೆ ಕಳಿಸಿದ್ರು. ನನಗೆ ದಡಾರ ಬಂದಿತ್ತು, ಉಳ್ಕೊಂಡೆ. ಗೇರ್‌ಲಿಂಡ್ ಹೋಗಲ್ಲ ಅಂತ ಕಿಟಕಿ ಸರಳು ಹಿಡ್ಕೊಂಡು ಅತ್ಲು. "ಹೋಗೇ, ಒಳ್ಳೆ ಮಗಳಲ್ವಾ?" ಅಂತ ಓಟಿಲಿ ಅವಳ ಬೆರಳು ಬಿಡಿಸಿ ಕರ್ಕೊಂಡು ಹೋಗಿ ರೈಲು ಹತ್ತಿಸಿದ್ರು. ಒಂಬತ್ತು ವರ್ಷ ಅವಳಿಗೆ. ಆಮೇಲೆ ಏನಾಯ್ತೋ, ಆ ಕಡೆ ಸೈನ್ಯ ಬಂತು, ಮಕ್ಕಳು ಚೆಲ್ಲಾಪಿಲ್ಲಿ. ಎಲ್ಲೋ ಯಾರೋ ಸಾಕ್ಕೊಂಡಿದ್ದಾರೆ, ಭಾಷೆ ಮರ್ತಿರ್ತಾಳೆ ಪಾಪ, ಬಂದ್ರೆ ನಾನೇ ಮೊದಲಿಂದ ಕಲಿಸ್ತೀನಿ ಅಂತಿದ್ರು ಓಟಿಲಿ. ಸಾಯೋವರೆಗೂ ಅದೇ ಮಾತು.

ನನ್ನನ್ನ ನೋಡಿದಾಗಲೆಲ್ಲ ಅವರು ಮುಖ ತಿರುಗಿಸ್ತಿದ್ರು. ನಾನೂ ಅವರ ಸಮಾಧಿ ಹತ್ರ ಹೋಗಿದ್ದಿಲ್ಲ. ಉಳಿದವಳು ನಾನು, ಯಾವ ಮುಖ ಇಟ್ಕೊಂಡು ಹೋಗ್ಲಿ?

ಮಾಡಿನಿಂದ ಈಗ ದಿನಾ ಎರಡು ದನಿ ಕೇಳುತ್ತೆ. ಒಂದು ದನಿ ಪ್ರಶ್ನೆ ಕೇಳುತ್ತೆ, ಇನ್ನೊಂದು ಪಾಠ ಒಪ್ಪಿಸುತ್ತೆ. ನೀವು ಬರೋದಾದ್ರೆ ಬೇಗ ಬನ್ನಿ.

ಹೆಲ್ಗಾ ಡೆಟ್‌ಮರ್


ಷ್ಟೈನ್‌ರೋಡೆ
೨೧ ಜೂನ್ ೧೯೯೮

ಪೂಜ್ಯ ಟೀಚರ್,

ನಾನು ಕ್ಷೇಮವಾಗಿದ್ದೇನೆ. ತಾವು ಕ್ಷೇಮವೇ? ಹವೆ ಚೆನ್ನಾಗಿದೆ.

ಪರದೇಶದ ಆ ಮಗುವನ್ನು ಕರೆತರಲು ನಾನು ಹೋಗುವುದಿಲ್ಲ. ಅಮ್ಮ ಬೇಡ ಅಂದಳು. ರೈಲು ಹತ್ತಿದವರು ತಿರುಗಿ ಬರುವುದಿಲ್ಲ ಅಂದಳು. ಒಂದು ಸಲ ತಪ್ಪು ಮಾಡಿದೆ, ಇನ್ನು ನಿನ್ನನ್ನು ಬಾಗಿಲಿನಿಂದ ಆಚೆ ಬಿಡುವುದಿಲ್ಲ ಅಂದಳು. ನಾಳೆಯಿಂದ ನಾನು ಆಶ್ರಮಕ್ಕೂ ಹೋಗುವುದಿಲ್ಲ. ಆ ಮಗುವಿಗೆ ಅವರ ಅಮ್ಮ ಇರುತ್ತಾಳಲ್ಲ, ಅವಳೇ ಕರೆದುಕೊಂಡು ಹೋಗಲಿ.

ಇಂತಿ,
ಗೇರ್‌ಲಿಂಡ್


ಷ್ಟೈನ್‌ರೋಡೆ
೨೭ ಜೂನ್ ೧೯೯೮

ಪ್ರಿಯ ನಾತೆಲಾ,

ನೀನು ಕೆಳಗೆ ಫ್ರಾವ್ ಡೆಟ್‌ಮರ್‌ಳ ಸೋಫಾದಲ್ಲಿ ನಿದ್ದೆ ಮಾಡುತ್ತಿದ್ದೀಯೆ. ಎದ್ದ ಮೇಲೆ ಇದನ್ನು ನಿಘಂಟು ಇಟ್ಟುಕೊಂಡು ನಿಧಾನವಾಗಿ ಓದು. ಇನ್ನು ನಿನಗೆ ನಿಘಂಟು ಬೇಕಾಗುತ್ತದೆ.

ನಿನ್ನೆ ಬೆಳಿಗ್ಗೆ ನಾನು ಬಂದಾಗ ನೀನು ಮಂಚದ ಅಂಚಿನಲ್ಲಿ ಜಡೆ ಹಾಕಿಕೊಂಡು ಕೂತಿದ್ದೆ. ನನ್ನನ್ನು ಗುರುತಿಸಲಿಲ್ಲ. ತೆಕ್ಲೆ ಎಂದೆ, ಕುತಾಯಿಸಿ ಎಂದೆ, ದೇದಾ ಎಂದೆ. ನೀನು ಸುಮ್ಮನೆ ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಿದೆ, ದೊಡ್ಡವರ ಅಪ್ಪಣೆ ಕೇಳುವ ಹಾಗೆ. ಆ ಕುರ್ಚಿಯ ಮೆತ್ತೆ ತಗ್ಗಾಗಿತ್ತು. ನಾನು ಅಲ್ಲಿಂದ ನೇರವಾಗಿ ಸ್ಮಶಾನದ ಕಚೇರಿಗೆ ಹೋದೆ.

ಹೆರ್ ಪಾಪೆ ಕಡತ ತೆಗೆದು, "ತಪ್ಪಾಗಿದ್ರೆ ರದ್ದು ಮಾಡ್ತೀನಿ, ಕಷ್ಟ ಏನಿಲ್ಲ. ಸೋಮವಾರ ಆಳು ಬರ್ತಾರೆ, ಕಲ್ಲು ತೆಗೆಸ್ತೀನಿ" ಎಂದ.

ಹೂಂ ಅನ್ನಲು ಬಾಯಿ ತೆರೆದೆ. ಆಗ ಯೋಚನೆ ಬಂತು. ಕಲ್ಲು ಕಿತ್ತರೆ ಆ ತಾಯಿ ಎಲ್ಲಿಗೆ ಹೋಗುತ್ತಾಳೆ? ಮಗಳಿದ್ದಲ್ಲಿಗೆ ತಾನೆ. ಒಮ್ಮೆ ಮಗಳನ್ನು ಕಳಕೊಂಡವಳು, ಈಗ ಕಾಗದದ ಮೇಲೆ ಸರ್ಕಾರವೇ ಮುದ್ರೆ ಹಾಕಿ ಕೊಟ್ಟ ಮಗಳನ್ನು ಬಿಟ್ಟುಕೊಡುವಳೆ?

"ಬೇರೆಯವ್ರ ಹೆಸರಿಗೆ ಮಾಡಬಹುದಾ?" ಎಂದೆ.

"ಮಾಡಬಹುದು. ಯಾರು, ನೀವಾ? ಸಂಬಂಧ ಏನಂತ ಬರೀಲಿ?"

"ಮಗಳು ಅಂತ ಬರೀರಿ."

"ಇನ್ನೊಬ್ಬಳಾ? ಎಷ್ಟು ಮಕ್ಕಳಪ್ಪಾ ಈಯಮ್ಮಂಗೆ?"

"ನಾನು ದೊಡ್ಡವಳು. ಇವಳ ಹೆಸರು ಹೊಡೆದುಹಾಕಿ. ನನ್ನೆದುರಿಗೇ ಹೊಡೀರಿ."

ಹೊಡೆದ. ನಾನು ರುಜು ಹಾಕಿದೆ. ನನಗೆ ಅರವತ್ತಾರು, ಲೆಕ್ಕಕ್ಕೆ ಸರಿಹೋಯಿತು. ವಾಪಸು ಬರುವಷ್ಟರಲ್ಲಿ ನೀನು ಮೆಟ್ಟಿಲ ಮೇಲೆ ನಿಂತು, ಜಡೆ ಕಿತ್ತುಕೊಳ್ಳುತ್ತ, ನನಗೆ ಒಂದಕ್ಷರ ಅರ್ಥವಾಗದ ಭಾಷೆಯಲ್ಲಿ ಗಟ್ಟಿಯಾಗಿ ಅಳುತ್ತಿದ್ದೆ. ನನ್ನ ಜನ್ಮದಲ್ಲಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ನೀನು ಹೆದರಬೇಡ. ಪ್ರಮಾಣಪತ್ರದ ಮುದ್ರೆ ಗಟ್ಟಿ, ಅದನ್ನು ಯಾರೂ ವಾಪಸು ಕೇಳುವುದಿಲ್ಲ. ಮಾತನ್ನು ಮತ್ತೆ ಕಲಿಯೋಣ, ಈ ಸಲ ನಿಧಾನವಾಗಿ, ತಪ್ಪು ಮಾಡುತ್ತ. ನನಗೂ ಹೆದರಬೇಡ. ನನ್ನಲ್ಲಿ ಅವಳು ಕಲಿಸುವಂಥದ್ದೂ ಅಳಿಸುವಂಥದ್ದೂ ಏನಿದೆ? ಇರುವುದೊಂದೇ ಭಾಷೆ, ಅದು ಅವಳದೇ. ಜುಲೈ ಹನ್ನೊಂದಕ್ಕೆ ಹ್ಯಾನೋವರಿಗೆ ಹೋಗು. ಆಗಸ್ಟ್ ಹನ್ನೊಂದು ಮಂಗಳವಾರ ನಾನು ತೆಕ್ಲೆಯನ್ನು ನೋಡಲು ಬರುತ್ತೇನೆ.

ನಿನ್ನ,
ಇರ್ಮ್‌ಟ್ರೌಟ್


ಷ್ಟೈನ್‌ರೋಡೆ
೧೯ ಜುಲೈ ೧೯೯೮

ಪ್ರೀತಿಯ ಟೀಚರ್,

ನಿಘಂಟು ಇವತ್ತು ತೆರೆದಿದೆ, ಕ್ಷಮಿಸಿ. ಫ್ರಾವ್ ಡೆಟ್‌ಮರ್ ಸಹಾಯ ಮಾಡುತ್ತಾಳೆ.

ನಾನು ಹ್ಯಾನೋವರ್ ಹೋದೆ. ವಿಮಾನ ನಿಲ್ದಾಣದಲ್ಲಿ ಬಾಗಿಲು ತೆರೆಯಿತು. ತುಂಬ ಜನ ಬಂದಿತು. ಆಮೇಲೆ ಅವಳು. ಕುತ್ತಿಗೆಗೆ ಚೀಟಿ ಕಟ್ಟಿದ್ದಾರೆ, ಚೀಟಿಯಲ್ಲಿ ಹೆಸರು. ಅವಳು ದೂರ ನಿಂತಳು. ನನ್ನನ್ನು ನೋಡಿದಳು, ಹತ್ತಿರ ಬರಲಿಲ್ಲ. ಫೋನಿನ ಹೆಂಗಸೋ ಅಂತ ಭಯ ಇರಬೇಕು. ಅಲ್ಲಿಂದಲೇ ಒಂದು ಪ್ರಶ್ನೆ ಕೇಳಿದಳು. ನಮ್ಮ ಹಿತ್ತಲಿನಲ್ಲಿ ಯಾವ ಮರ ಅಂತ.

ನಾನು ಹೇಳಿದೆ. ನಮ್ಮ ಭಾಷೆಯಲ್ಲಿ ಹೇಳಿದೆ, ಟೀಚರ್. ಆಮೇಲೆ ಅವಳು ಓಡಿ ಬಂದಳು.

ಈಗ ಇಡೀ ದಿನ ಮಾತಾಡುತ್ತಾಳೆ. ನಾನು ಎಲ್ಲ ಅರ್ಥ ಮಾಡುತ್ತೇನೆ. ಎಲ್ಲ. ಆಶ್ರಮದಲ್ಲಿ ನನ್ನ ಜರ್ಮನ್ ನೋಡಿ ಮೇಡಂ ಬಾಯಿ ತೆರೆದರು. "ಏನಾಯ್ತು ನಿನಗೆ?" ಕೇಳಿದರು. ಜ್ವರ ಬಂದಿತ್ತು ಅಂದೆ. ನಾವು ಬೇರೆ ಮನೆಗೆ ಹೋದೆವು, ಹೊಸ ಬೀದಿಯಲ್ಲಿ. ನೆಲ ನೇರ.

ನೀವು ಆಗಸ್ಟ್ ಹನ್ನೊಂದಕ್ಕೆ ಬರುತ್ತೀರಿ. ತೆಕ್ಲೆ ನಿಮಗೆ ಚಿತ್ರ ಬರೆಯುತ್ತಿದ್ದಾಳೆ. ನಾವು ಕಾಯುತ್ತೇವೆ.

ನಿಮ್ಮ,
ನಾತೆಲಾ


ಗೋಟಿಂಗೆನ್
೯ ಆಗಸ್ಟ್ ೧೯೯೮

ಪ್ರಿಯ ನಾತೆಲಾ,

ನಿನ್ನ ಪತ್ರವನ್ನು ತಿದ್ದಿ ಇದರ ಜೊತೆ ಇಟ್ಟಿದ್ದೇನೆ. ತಪ್ಪುಗಳನ್ನು ನೋಡಿ ಕಣ್ಣು ತುಂಬಿ ಬಂತು. ಮೂರು ಸಲ ಓದಿದೆ.

ನನಗೇನೂ ಆಗಿಲ್ಲ. ಮೊದಲ ಎರಡು ವಾರ ಏನೂ ಇರಲಿಲ್ಲ. ಆಮೇಲೊಂದು ದಿನ ಪಾತ್ರೆ ತೊಳೆಯುತ್ತಿದ್ದಾಗ ಹಿಂದಿನಿಂದ ಯಾರೋ "ಬೆನ್ನು ನೇರ ಮಾಡೇ" ಎಂದರು. ನಾನು ಮಾಡಿದೆ. ಆಮೇಲೆ ತಲೆ ಬಾಚಲು ಕರೆದಳು. ಹೋಗಿ ಕುರ್ಚಿಯಲ್ಲಿ ಕೂತೆ. ನನ್ನದು ಗಿಡ್ಡ ಕೂದಲು, ಆದರೂ ತುಂಬ ಹೊತ್ತು ಬಾಚಿದಳು. ಹೆತ್ತ ತಾಯಿ ನನಗೆ ಯಾವತ್ತೂ ಬಾಚಿರಲಿಲ್ಲ, ನಾತೆಲಾ. ಅರವತ್ತಾರು ವರ್ಷವಾದ ಮೇಲೆ ಇದೆಲ್ಲ ಇಷ್ಟು ಹಿತವಾಗಿರುತ್ತದೆಂದು ಗೊತ್ತಿರಲಿಲ್ಲ. ಇದನ್ನು ಹೇಳಲು ಸಂಕೋಚವಿಲ್ಲ.

ಮಂಗಳವಾರ ಬರಲಾಗುವುದಿಲ್ಲ. ಹತ್ತು ದಿನದಿಂದ ಹೊರಗೆ ಹೋಗಿಲ್ಲ. ಚಪ್ಪಲಿಗಳು ಇಟ್ಟಲ್ಲಿ ಇಲ್ಲ. ಹಾಲು ಬ್ರೆಡ್ಡನ್ನು ಎದುರುಮನೆಯವರು ಬಾಗಿಲಲ್ಲಿಟ್ಟು ಹೋಗುತ್ತಾರೆ, ಈ ಪತ್ರವನ್ನೂ ಅವರ ಕೈಗೇ ಕೊಡುತ್ತೇನೆ. ನೀನೂ ಬರಬೇಡ. ಪತ್ರ ಬರೆ, ಆದರೆ ಅದರಲ್ಲಿ ಮಗುವಿನ ಹೆಸರೆತ್ತಬೇಡ. ಚಿತ್ರ ಕಳಿಸಬೇಡ. ನಿನ್ನ ಹೋದ ಪತ್ರವನ್ನು ನಾನು ಗಟ್ಟಿಯಾಗಿ ಓದಿಬಿಟ್ಟೆ, ಅದು ನನ್ನ ತಪ್ಪು.

ಆ ಹುಡುಗಿಗೆ ಎಷ್ಟು ವರ್ಷ, ಯಾವ ಬೀದಿಯಲ್ಲಿದ್ದಾಳೆ ಎಂದು ಅಮ್ಮ ಎರಡು ಸಲ ಕೇಳಿದಳು. ನಾನು ಇನ್ನೂ ಹೇಳಿಲ್ಲ.

ನಿನ್ನ,
ಇರ್ಮ್‌ಟ್ರೌಟ್